ಮೆತ್ತನೆಯ ಚಪ್ಪಲಿ

ಹನ್ನೊಂದನೆಯ ಸಲವೂ ಹಾಡು ತಾಳ ಬಿಟ್ಟು ಓಡಿತು.

ಮೊದಲ ಚರಣ ಮುಗಿಯುವವರೆಗೆ ಮೂವರೂ ಜೊತೆಯಲ್ಲೇ ಇದ್ದರು. ಎರಡನೆಯ ಚರಣದ ನಡುವಿನಲ್ಲಿ ಡ್ರಮ್ಸ್ ಒಂದು ದಾರಿ, ಬಾಸ್ ಗಿಟಾರು ಇನ್ನೊಂದು ದಾರಿ ಹಿಡಿದವು. ಹಾಡುತ್ತಿದ್ದವನು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಅರ್ಧ ಸಾಲನ್ನು ಬಾಯಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ತನ್ನ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ ಸದ್ದಡಗಿಸಿದ.

"ಸಾಕು," ಅಂದ. "ಬಲ್ಬು ಆರಿಸಿ. ಕೆಳಗಿನವರಾದ್ರೂ ಕೆಲಸ ಮಾಡ್ಕೊಳ್ಳಲಿ, ಪಾಪ."

ಕತ್ತರಿ ಗೋಡೆಯ ಸ್ವಿಚ್ಚು ಒತ್ತಿದಳು. ಕೆಳಗಿನ ಮರಗೆಲಸದ ಅಂಗಡಿಯಲ್ಲಿ ಕೆಂಪು ಬಲ್ಬು ಆರಿತು. ಮರುಕ್ಷಣವೇ ಗರಗಸ ಕರ್ರೆಂದಿತು. ಆ ಬಲ್ಬು ಉರಿಯುವಷ್ಟು ಹೊತ್ತು ಯಾರೂ ಮರ ಕೊಯ್ಯಬಾರದು, ಮೊಳೆ ಹೊಡೆಯಬಾರದು ಎಂದು ಮೇಸ್ತ್ರಿಯ ಜೊತೆ ಮಾತಾಗಿತ್ತು. ಮೂರು ವಾರದಿಂದ ಬಲ್ಬು ಉರಿದದ್ದೇ ಉರಿದದ್ದು. ಆ ಬಡಗಿಗಳಿಗೆ ಜನ್ಮದಲ್ಲಿ ಇಷ್ಟು ವಿಶ್ರಾಂತಿ ಸಿಕ್ಕಿರಲಿಲ್ಲ.

ಕತ್ತರಿ ಎಂದರೆ ರೆಕಾರ್ಡಿಂಗ್ ನೋಡಿಕೊಳ್ಳುವ ಹೆಂಗಸು. ಇಪ್ಪತ್ತು ವರ್ಷದಿಂದ ಈ ತಂಡದ ಹಾಡುಗಳೊಳಗಿನ ಕೆಮ್ಮು, ಉಸಿರು, ಕುರ್ಚಿಯ ಕಿರಕಿರಗಳನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದದ್ದಕ್ಕೆ ಬಂದ ಹೆಸರು ಅದು. ಹಾಡುವವನಿಗೆ ದೊರೆ ಎಂದು ಹೆಸರು. ಹಾಡು ಕಟ್ಟುವವನೂ ಅವನೇ, ಗಿಟಾರು ನುಡಿಸುವವನೂ ಅವನೇ, ಎಲ್ಲರೂ ಊಟಕ್ಕೆ ಎಷ್ಟು ಹೊತ್ತಿಗೆ ಏಳಬೇಕೆಂದು ಅಪ್ಪಣೆ ಕೊಡುವವನೂ ಅವನೇ. ಡ್ರಮ್ಸ್ ನುಡಿಸುವವನು ಗಡಿಯಾರ. ಬಾಸ್ ನುಡಿಸುವವನು ಗಡಿಯಾರನ ಒಡಹುಟ್ಟಿದ ಅಣ್ಣ, ಆರು ವರ್ಷ ದೊಡ್ಡವನು. ಅವನಿಗೆ ಅಡ್ಡಹೆಸರು ಇಡುವ ಧೈರ್ಯ ಯಾರಿಗೂ ಬಾರದೆಯೋ ಅಥವಾ ಇಡಬೇಕೆಂದು ನೆನಪೇ ಆಗದೆಯೋ, ತಂಡಕ್ಕೆಲ್ಲ ಅವನು ಅಣ್ಣನೇ ಆಗಿ ಉಳಿದಿದ್ದ.

ಈ ಪಾಡಿಗೆಲ್ಲ ಕಾರಣ ಒಂದು ಲಿಫ್ಟು. ಹೋದ ವರ್ಷ ದೊರೆ ಯಾವುದೋ ಕಚೇರಿಯ ಲಿಫ್ಟಿನಲ್ಲಿ ಹೋಗುತ್ತಿದ್ದಾಗ ಮೇಲಿನಿಂದ ಸಣ್ಣಗೆ ಒಂದು ಹಾಡು ಬರುತ್ತಿತ್ತಂತೆ. ಎಷ್ಟು ಚೊಕ್ಕಟವಾಗಿ ನುಡಿಸಿದ್ದಾರೆ, ಆದರೆ ಒಬ್ಬನಿಗೂ ಜೀವವಿಲ್ಲವಲ್ಲ, ಯಾರಪ್ಪಾ ಇವರು ಅಂದುಕೊಂಡನಂತೆ. ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಅದು ತನ್ನದೇ ದನಿ ಎಂದು ಗೊತ್ತಾಯಿತು. ಬಂದ ಕೆಲಸ ಬಿಟ್ಟು ಮೆಟ್ಟಿಲಿಳಿದು ಮನೆಗೆ ಹೋದ.

ಅಂದಿನಿಂದ ಅವನಿಗೆ ಹಿಡಿದದ್ದು ಒಂದೇ ಹುಚ್ಚು. ಇಪ್ಪತ್ತಾರು ವರ್ಷದ ಹಿಂದೆ ತಾವು ಶುರು ಮಾಡಿದ ಜಾಗದಲ್ಲೇ, ಬಡಗಿಗಳ ಅಂಗಡಿಯ ಮೇಲಿನ ಹಲಗೆ ನೆಲದ ಕೋಣೆಯಲ್ಲೇ, ಆಗ ಮಾಡಿದ ಹಾಗೆಯೇ ಒಂದು ಆಲ್ಬಂ ಮಾಡಬೇಕು. ಮೂವರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಬೇಕು. ಹಳೆಯ ಟೇಪು ಯಂತ್ರವೇ ಆಗಬೇಕು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಟಿಕ್ ಟಿಕ್ ಎಂಬ ಯಂತ್ರದ ತಾಳಕ್ಕೆ ನುಡಿಸುವುದು ಬಂದ್. ತಪ್ಪಿದ ಸ್ವರವನ್ನು ಆಮೇಲೆ ತಿದ್ದುವುದೂ ಬಂದ್. ಇದನ್ನೆಲ್ಲ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಗೋಡೆಗೆ ಒರಗಿಸಿದ್ದ. ಕೊನೆಯ ಸಾಲು ಹೀಗಿತ್ತು: 'ಟೇಪು ತಿರುಗಲು ಶುರುವಾದಾಗಿನಿಂದ ನಿಲ್ಲುವವರೆಗೆ ಏನು ಕೇಳುತ್ತದೋ ಅದೇ ಹಾಡು. ಏನನ್ನೂ ಕತ್ತರಿಸುವಂತಿಲ್ಲ.' ಕತ್ತರಿ ಅದನ್ನು ದಿನಾ ಬೆಳಿಗ್ಗೆ ಓದಿ ದಿನಾ ಒಂದು ನಿಟ್ಟುಸಿರು ಬಿಡುತ್ತಿದ್ದಳು.

ಹನ್ನೊಂದನೆಯ ಪ್ರಯತ್ನವನ್ನು ಅವಳು ಹಿಂದಕ್ಕೆ ಸುತ್ತಿ ಕೇಳಿಸಿದಳು. ನಾಲ್ವರೂ ತಲೆ ತಗ್ಗಿಸಿ ಕೇಳಿದರು. ನಿಧಾನದ ಹಾಡು ಅದು. ನಿಧಾನದ ಹಾಡಿನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ.

"ಅಣ್ಣಾ," ಅಂದ ದೊರೆ, ಬಹಳ ಮೆಲ್ಲಗೆ. "ಇಲ್ಲಿ ನೋಡು. ಇಲ್ಲಿಂದ ನೀನು ಹಿಂದೆ ಬೀಳ್ತಾ ಹೋಗ್ತೀಯ."

"ಹೌದು ಕಣೋ. ನನಗೂ ಹಾಗೇ ಕೇಳಿಸ್ತು." ಅಣ್ಣ ತನ್ನ ಬಲಗೈ ಬೆರಳುಗಳನ್ನು ಯಾರದ್ದೋ ಬೆರಳು ನೋಡುವಂತೆ ನೋಡಿಕೊಂಡ. "ಇವು ಮುಂಚಿನ ಹಾಗಿಲ್ಲ. ವಯಸ್ಸಾಯ್ತಲ್ಲ."

"ಇಲ್ಲಿ ಗಡಿಯಾರ ಸರಿಯಾಗೇ ಇದಾನೆ, ನೋಡು..."

"ಅವನು ಬಿಡು, ಅವನು ಯಾವತ್ತು ತಪ್ಪಿದಾನೆ!" ಅಂದ ಅಣ್ಣ. ಆ ಮಾತಿನಲ್ಲಿ ಅಷ್ಟೂ ಹೆಮ್ಮೆಯೇ ಇತ್ತು.

ಗಡಿಯಾರ, ಸರಿಯಾಗೇ ಇದ್ದ ಡ್ರಮ್ಸಿನ ಕಂಚಿನ ತಟ್ಟೆಯ ತಿರುಪನ್ನು ಬಿಗಿ ಮಾಡುತ್ತಾ ಕೂತ. ಅಣ್ಣ ಬಾಸನ್ನು ಪೆಟ್ಟಿಗೆಯೊಳಗಿಟ್ಟು, ಬಸ್ಸು ತಪ್ಪಿಹೋಗುತ್ತದೆ ಎಂದು ಹೇಳಿ ಹೊರಟ. ಮೆಟ್ಟಿಲಿಳಿದದ್ದು ಯಾರಿಗೂ ಕೇಳಿಸಲಿಲ್ಲ.

ತಮ್ಮನಿಗೆ ಗಡಿಯಾರ ಎಂಬ ಹೆಸರು ಬಂದದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ. ಯಾವುದೋ ಪತ್ರಿಕೆಯವನು ಕಾರ್ಯಕ್ರಮ ನೋಡಿ, ಈ ಹುಡುಗನ ಮಣಿಕಟ್ಟಿನ ಒಳಗೇ ಗಡಿಯಾರವಿದೆ ಎಂದು ಬರೆದಿದ್ದ. ಆ ಕಾಗದದ ತುಂಡು ಇನ್ನೂ ಅವನ ಮನೆಯ ಬೀರುವಿನಲ್ಲಿದೆ. ಓದು ತಲೆಗೆ ಹತ್ತಲಿಲ್ಲ, ದನಿ ಹಾಡಲು ಲಾಯಕ್ಕಿಲ್ಲ, ಮುಖ ನೋಡಿ ಯಾರೂ ಮರುಳಾಗಲಿಲ್ಲ; ಆದರೆ ತಾಳ ಮಾತ್ರ ತನ್ನ ಸ್ವಂತದ್ದು ಎಂದು ಅವನು ನಂಬಿ ಬದುಕಿದ್ದ.

ಆ ನಂಬಿಕೆಗೆ ಎರಡು ವಾರದ ಹಿಂದೆ ಕಲ್ಲು ಬಿದ್ದಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ, ಫೋನಿನಲ್ಲಿ ಟಿಕ್ ಟಿಕ್ ಇಟ್ಟುಕೊಂಡು ದಿಂಬಿನ ಮೇಲೆ ಕೋಲಾಡಿಸಿದ. ಸರಿಯಾಗಿತ್ತು. ಸದ್ದನ್ನು ಒಂದು ನಿಮಿಷ ಮುಚ್ಚಿ, ತಾನು ನುಡಿಸುತ್ತಲೇ ಇದ್ದು, ಮತ್ತೆ ತೆರೆದ. ಟಿಕ್ ಟಿಕ್ ಎಲ್ಲೋ ಹಿಂದೆ ಉಳಿದಿತ್ತು. ಇವನು ಮುಂದೆ ಓಡಿದ್ದ. ಹತ್ತು ಸಲ ಮಾಡಿದ. ಹತ್ತು ಸಲವೂ ಓಡಿದ. ದಿಂಬಿನ ಧೂಳು ಕೊಡವುತ್ತಿದ್ದಾನೆ ಅಂದುಕೊಂಡ ಹೆಂಡತಿ, "ಹಾಸಿಗೇನೂ ಹಾಗೇ ಕೊಡವಿಬಿಡಿ," ಅಂತ ಒಳಗಿನಿಂದ ಕೂಗಿದಳು.

ಹಿಂದೆ ಬೀಳುತ್ತಿದ್ದವನು ಅಣ್ಣನಲ್ಲ. ಮುಂದೆ ಓಡುತ್ತಿದ್ದವನು ತಾನು. ಎರಡು ವಾರದಿಂದ ಇದು ಗೊತ್ತಿದ್ದೂ ಗಡಿಯಾರ ಬಾಯಿಗೆ ಬೀಗ ಹಾಕಿಕೊಂಡಿದ್ದ. ದಿನಾ ಅಣ್ಣ ತಪ್ಪು ಒಪ್ಪಿಕೊಳ್ಳುತ್ತಿದ್ದ, ದಿನಾ ಇವನು ತಿರುಪು ಬಿಗಿ ಮಾಡುತ್ತಿದ್ದ.

ದೊರೆ ಅವನನ್ನು ಕಿಟಕಿಯ ಹತ್ತಿರ ಕರೆದ.

"ಕೇಳಿಲ್ಲಿ. ಬೇರೆ ದಾರಿ ಕಾಣ್ತಿಲ್ಲ ನನಗೆ. ಶನಿವಾರ ಒಬ್ಬರು ಬರ್ತಾರೆ. ಸಂಗೀತ ಶಾಲೇಲಿ ಬಾಸ್ ಹೇಳಿಕೊಡೋರು. ಈ ಆಲ್ಬಮ್ಮಿಗೆ ಮಾತ್ರ."

"ಶನಿವಾರ ಅಂದ್ರೆ ನಾಡಿದ್ದು."

"ಹೂಂ. ನಾಳೆ ಒಂದು ದಿನ ಅಣ್ಣನ ಜೊತೆ ನೋಡೋಣ, ಆದ್ರೆ ನನಗೇನೂ ಆಸೆ ಉಳಿದಿಲ್ಲ." ದೊರೆ ಕಿಟಕಿಯ ಹೊರಗೆ ನೋಡುತ್ತಾ ಮಾತಾಡುತ್ತಿದ್ದ; ಕಣ್ಣು ಕೆಂಪಾಗಿತ್ತು. "ನನ್ನ ಕೈಲಿ ಅವನಿಗೆ ಹೇಳೋಕಾಗಲ್ಲ ಕಣೋ. ನನಗೆ ಗಿಟಾರು ಹಿಡಿಯೋದು ಹೇಳಿಕೊಟ್ಟೋನೇ ಅವನು. ನೀನು ತಮ್ಮ. ನೀನು ಹೇಳಿದ್ರೆ ತಡ್ಕೋತಾನೆ. ಇವತ್ತು ಮನೆಗೆ ಹೋಗಿ ಹೇಳ್ತೀಯಾ?"

ಓಡುತ್ತಿರುವವನು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗಲಾರದು ಎಂದು ಗಡಿಯಾರನಿಗೆ ಗೊತ್ತಿತ್ತು. "ಹೂಂ," ಅಂದ. ಅಷ್ಟೇ ಹೊರಟದ್ದು ಬಾಯಿಂದ.

ಮೆಟ್ಟಿಲಿಳಿಯುವಾಗ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕೆಳಗೆ ಮೇಸ್ತ್ರಿ ಒಂದು ಬಾಗಿಲ ಚೌಕಟ್ಟಿಗೆ ಮರಳು ಕಾಗದ ಉಜ್ಜುತ್ತಾ ಕೂತಿದ್ದ. ಇಪ್ಪತ್ತಾರು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ ಕೂಲಿ ಮಾಡುತ್ತಿದ್ದವನು. ಈಗ ಕನ್ನಡಕದ ಹಿಂದಿನಿಂದ ನೋಡುವ ಮುದುಕ.

"ಏನಪ್ಪಾ, ಇವತ್ತೂ ಆಗಲಿಲ್ವಾ?"

"ಇಲ್ಲ ಮೇಸ್ತ್ರಿ."

"ನಿಮ್ಮಣ್ಣ ಇಲ್ದೆ ಇದ್ರೆ ಹ್ಯಾಗಾಗುತ್ತೆ? ಯಾಕೆ ಬರ್ತಿಲ್ಲ ಅವರು? ಹುಷಾರಾಗಿದಾರೆ ತಾನೆ?"

ಗಡಿಯಾರ ನಿಂತ. "ಅಣ್ಣಾನಾ? ದಿನಾ ಬರ್ತಿದಾನಲ್ಲ. ಈಗ ನಿಮ್ಮ ಎದುರಿಗೇ ಹೋದ."

"ಹೌದಾ? ನಾನು ನೋಡಲೇ ಇಲ್ಲ." ಮೇಸ್ತ್ರಿ ಕನ್ನಡಕ ಮೇಲೆ ಸರಿಸಿದ. "ಕಾಲೇ ಕೇಳಿಸ್ತಿಲ್ಲ, ಅದಕ್ಕೆ ಬರ್ತಿಲ್ಲ ಅಂದ್ಕೊಂಡೆ. ಆಗೆಲ್ಲ ನೀವು ಬಾರಿಸೋಕೆ ಶುರು ಮಾಡಿದ್ರೆ ನಮ್ಮ ತಲೆ ಮೇಲೆ ಧಡ್, ಧಡ್, ಧಡ್ ಅಂತ ಅವರ ಹಿಮ್ಮಡಿ ಬೀಳೋದು. ನಾವು ಅದಕ್ಕೇ ಮೊಳೆ ಹೊಡೀತಿದ್ವಿ. ಕೈ ನೋಯ್ತಿರಲಿಲ್ಲ. ಈಗ ಮೇಲಿಂದ ನಿಮ್ಮ ಡಬಡಬ ಒಂದೇ ಕೇಳಿಸೋದು."

ಗಡಿಯಾರ ಎರಡೆರಡು ಮೆಟ್ಟಿಲು ಹಾರಿಕೊಂಡು ವಾಪಸು ಹತ್ತಿದ. ಕತ್ತರಿ ವೈರುಗಳನ್ನು ಸುತ್ತುತ್ತಿದ್ದಳು. ದೊರೆ ಆಗಲೇ ಹಿಂದಿನ ಮೆಟ್ಟಿಲಿನಿಂದ ಹೋಗಿಯಾಗಿತ್ತು.

"ಕತ್ತರೀ, ಅಣ್ಣ ನುಡಿಸುವಾಗ ಕಾಲು ಕುಟ್ಟುತ್ತಾನಾ?"

ಅವಳು ಅವನ ಮುಖವನ್ನೇ ನೋಡಿದಳು. "ಅದನ್ನ ಈಗ ಕೇಳ್ತಿದೀರಾ? ಇಪ್ಪತ್ತು ವರ್ಷ ನನ್ನ ಜೀವ ತಿಂದಿದ್ದು ಆ ಕಾಲೇ. ನೆಲದಿಂದ ಮೈಕಿನ ಕಂಬಕ್ಕೆ ಹತ್ತೋದು. ಎಷ್ಟು ಹಾಡಿಂದ ಅದನ್ನ ತೆಗೆದಿದೀನಿ ಅಂತ ಲೆಕ್ಕ ಇಲ್ಲ. ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಅವರಿಗೆ ಹೇಳಿಲ್ಲ. ಈ ಸಲ ಒಂದೇ, ದೇವರು ದೊಡ್ಡವನು, ಒಂದು ಗುದ್ದೂ ಇಲ್ಲ."

"ಮೊದಲನೇ ಟೇಪು ಇದೆಯಾ? ಇಲ್ಲೇ ಮಾಡಿದ್ದು?"

ಇತ್ತು. ದೊರೆ ಮಾದರಿಗೆಂದು ತರಿಸಿಟ್ಟಿದ್ದ. ಕತ್ತರಿ ಅದನ್ನು ಯಂತ್ರಕ್ಕೆ ಹಾಕಿ, ಕೆಳದನಿಗಳು ಎದ್ದು ಕಾಣುವಂತೆ ಗುಂಡಿ ತಿರುಗಿಸಿ, ಹೆಡ್‌ಫೋನು ಅವನ ಕಿವಿಗಿಟ್ಟಳು. ಇಪ್ಪತ್ತಾರು ವರ್ಷದ ಹಿಂದಿನ ಹಾಡು. ದೊರೆಯ ದನಿ ಎಳಸು, ಗಿಟಾರಿನ ಶ್ರುತಿ ಅಷ್ಟಕ್ಕಷ್ಟೇ. ಅದೆಲ್ಲದರ ತಳದಲ್ಲಿ, ಡ್ರಮ್ಮಿಗಿಂತ ಒಂದು ಕೂದಲೆಳೆ ಮೊದಲು, ಧಡ್. ಮತ್ತೆ ಧಡ್. ಅದು ಬಿದ್ದಲ್ಲಿ ಇವನ ಕೋಲು ಬೀಳುತ್ತಿತ್ತು. ಅದು ಬಿದ್ದ ಮೇಲೇ ಬೀಳುತ್ತಿತ್ತು.

ಅವನು ಡ್ರಮ್ಸಿನ ಸ್ಟೂಲಿನ ಮೇಲೆ ಕೂತುಬಿಟ್ಟ. ಆ ಸ್ಟೂಲು, ಈ ಹಲಗೆಗಳು, ಎಡಕ್ಕೆ ಎರಡು ಅಡಿ ದೂರದಲ್ಲಿ ಯಾವಾಗಲೂ ಅಣ್ಣ ನಿಲ್ಲುತ್ತಿದ್ದ ಜಾಗ. ಎಲ್ಲಾ ವೇದಿಕೆಗಳ ಮೇಲೂ ಅಣ್ಣ ಅಲ್ಲೇ ನಿಂತಿದ್ದ, ವೇದಿಕೆಗಳೆಲ್ಲ ಮರದವೇ. ಸ್ಟುಡಿಯೋಗಳಲ್ಲಿ ನೆಲ ಕಲ್ಲಿನದಾದರೂ ಕಿವಿಯಲ್ಲಿ ಟಿಕ್ ಟಿಕ್ ಇತ್ತು. ಕೊನೆಯ ಕಾರ್ಯಕ್ರಮ ಆಗಿ ಮೂರು ವರ್ಷವಾಯಿತು.

"ನಾನು ಇದನ್ನ ಕಿವಿಯಿಂದ ಕೇಳಿಸ್ಕೊಂಡೇ ಇಲ್ಲ," ಅಂದ ಕೊನೆಗೆ.

"ಮತ್ತೆ ಎಲ್ಲಿಂದ?"

ಅವನು ನೆಲದ ಹಲಗೆ ತೋರಿಸಿ, ಆಮೇಲೆ ತಾನು ಸ್ಟೂಲಿನ ಮೇಲೆ ಕೂತ ಜಾಗವನ್ನೇ ಕೈಯಿಂದ ತಟ್ಟಿ ತೋರಿಸಿದ. ಕತ್ತರಿ ಜೋರಾಗಿ ನಕ್ಕಳು. ಅವನ ಕಣ್ಣು ನೋಡಿದವಳು ನಗುವುದನ್ನು ನಿಲ್ಲಿಸಿ, ವೈರು ಸುತ್ತುವುದಕ್ಕೆ ಆ ಕಡೆ ತಿರುಗಿಕೊಂಡಳು.

ಅಣ್ಣನ ಮನೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯಲ್ಲಿ ಗಡಿಯಾರನಿಗೆ ಬೇಡದ ಯೋಚನೆಯೊಂದು ಬಂತು, ಬಂದದ್ದನ್ನು ಮುಚ್ಚಿಡುವುದೇಕೆ. ಅಣ್ಣನ ಕಾಲಿಗೆ ಗಟ್ಟಿ ಹಿಮ್ಮಡಿಯ ಬೂಟು ಹೇಗಾದರೂ ಹಾಕಿಸಿಬಿಟ್ಟರೆ ಸಾಕು, ಯಾರಿಗೂ ಏನೂ ಹೇಳಬೇಕಿಲ್ಲ. ಹಾಡು ಹದಕ್ಕೆ ಬರುತ್ತದೆ, ಅಣ್ಣ ಉಳಿಯುತ್ತಾನೆ, ಗಡಿಯಾರ ಗಡಿಯಾರನಾಗಿಯೇ ಇರುತ್ತಾನೆ. ಮೂರು ನಿಲ್ದಾಣ ದಾಟುವವರೆಗೆ ಆ ಯೋಚನೆ ಬಹಳ ಹಿತವಾಗಿತ್ತು.

ಬಾಗಿಲು ತೆಗೆದದ್ದು ಅತ್ತಿಗೆ. "ಬಾ, ಬಾ. ನಿಮ್ಮಣ್ಣನಿಗೆ ಏನು ಮಾಡಿ ಕಳಿಸಿದ್ರಿ? ಬಂದಾಗಿಂದ ಆ ವಾದ್ಯ ಒರೆಸ್ತಾ ಕೂತಿದಾರೆ."

ಅಣ್ಣ ಹಿತ್ತಿಲ ಕಡೆಯ ಕೋಣೆಯಲ್ಲಿ, ಬಾಸನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಬನಿಯನ್ ತುಂಡಿನಿಂದ ಉಜ್ಜುತ್ತಿದ್ದ. ಕಾಲಲ್ಲಿ ನೀಲಿ ಬಣ್ಣದ ಸ್ಪಂಜಿನ ಚಪ್ಪಲಿ. ಹೋದ ವರ್ಷ ಹಿಮ್ಮಡಿ ನೋವು ಶುರುವಾಗಿ, ನೆಲಕ್ಕೆ ಕಾಲಿಟ್ಟರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ ಎಂದಾಗ, ಡಾಕ್ಟರು ಹೇಳಿದ್ದನ್ನು ಅತ್ತಿಗೆ ಚಾಚೂ ತಪ್ಪದೆ ಪಾಲಿಸಿದ್ದಳು. ಮನೆಯೊಳಗೆ, ಹೊರಗೆ, ಮದುವೆ ಮನೆಗೆ ಎಲ್ಲದಕ್ಕೂ ಅದೇ ಚಪ್ಪಲಿ.

"ಬಂದ್ಯಾ," ಅಂದ ಅಣ್ಣ. ತಲೆ ಎತ್ತಲಿಲ್ಲ. "ದೊರೆ ಕಳಿಸಿದ್ನಾ?"

ಗಡಿಯಾರ ಹೊಸಿಲು ದಾಟಿ ಒಳಗೆ ಬಂದ.

"ನನಗೆ ಗೊತ್ತಾಗುತ್ತೆ ಕಣೋ. ಅವನು ಮೆತ್ತಗೆ ಮಾತಾಡಿದಾಗ್ಲೇ ಗೊತ್ತಾಯ್ತು. ಬೈದಿದ್ರೆ ಧೈರ್ಯವಾಗಿರ್ತಿದ್ದೆ." ಅಣ್ಣ ಬಾಸಿನ ಕುತ್ತಿಗೆಯ ಹಿಂಭಾಗವನ್ನು ಒರೆಸಿದ. "ಹೊಸಬರು ಯಾರಾದ್ರೂ ಬಂದ್ರೆ ಇದನ್ನೇ ಕೊಡಿ. ಆ ಹಾಡುಗಳಿಗೆ ಇದರ ದನಿಯೇ ಸರಿ. ಮೂರನೇ ತಂತಿ ಸ್ವಲ್ಪ ಮೊಂಡು, ಹೇಳಿಬಿಡು. ಮತ್ತೆ ನಿನ್ನ ಎಡಗಡೆ ನಿಲ್ಲೋಕೆ ಹೇಳು. ಬಲಗಡೆ ನಿಂತ್ರೆ ನಿನಗೆ ಸರಿ ಹೋಗಲ್ಲ."

ಬಸ್ಸಿನಲ್ಲಿ ಹಿತವಾಗಿದ್ದ ಯೋಚನೆ ಅಲ್ಲಿಗೆ ಸತ್ತಿತು.

"ಅಣ್ಣಾ, ಓಡ್ತಿರೋನು ನಾನು."

"ಏನು?"

"ನೀನು ಹಿಂದೆ ಬೀಳ್ತಿಲ್ಲ. ನಾನು ಓಡ್ತಿದೀನಿ. ಎರಡು ವಾರದಿಂದ ಗೊತ್ತು ನನಗೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ." ಅವನು ನೆಲದ ಮೇಲೆ, ಅಣ್ಣನ ಕಾಲಿನ ಹತ್ತಿರವೇ ಕುಕ್ಕರಿಸಿದ. ಮೇಸ್ತ್ರಿ ಹೇಳಿದ್ದು, ಕತ್ತರಿ ಕೇಳಿಸಿದ್ದು, ಸ್ಟೂಲಿನಿಂದ ಕೇಳಿಸಿಕೊಂಡದ್ದು, ದಿಂಬು ಬಾರಿಸಿದ್ದು ಎಲ್ಲವನ್ನೂ ಒಂದರ ಮೇಲೊಂದು ಹೇಳಿದ. ಹೇಳುವಾಗಲೂ ಓಡುತ್ತಿದ್ದ, ಅಣ್ಣ ಎರಡು ಸಲ "ಮೆಲ್ಲಗೆ ಹೇಳೋ" ಅನ್ನಬೇಕಾಯಿತು.

"ನಾನು ಕಾಲು ಕುಟ್ಟುತ್ತೀನಾ?" ಅಂದ ಅಣ್ಣ, ಎಲ್ಲ ಕೇಳಿದ ಮೇಲೆ. ಅದೊಂದೇ ಅವನ ತಲೆಗೆ ಹೋದಂತಿತ್ತು.

"ನಿನಗೆ ಗೊತ್ತಿಲ್ವಾ?"

"ಇಲ್ಲ ಕಣೋ. ನಾನು ನಿನ್ನ ಕೈ ನೋಡ್ಕೊಂಡು ನುಡಿಸ್ತಿದ್ದೆ. ಇಷ್ಟು ವರ್ಷಾನೂ."

ಬಾಗಿಲ ಬಳಿ ನಿಂತಿದ್ದ ಅತ್ತಿಗೆಗೆ ಇಬ್ಬರ ಮೇಲೂ ಕನಿಕರವೂ ಕೋಪವೂ ಒಟ್ಟಿಗೆ ಬಂದವು. "ಗೊತ್ತಿಲ್ವಂತೆ! ಊಟಕ್ಕೆ ಕೂತ್ರೂ ಕುಟ್ಟುತ್ತಾರೆ, ಮಲಗಿದ್ರೂ ಕುಟ್ಟುತ್ತಾರೆ. ಮೂವತ್ತು ವರ್ಷದಿಂದ ನನ್ನ ಮಂಚ ಅಲ್ಲಾಡ್ತಿದೆ. ಆ ನೋವು ಬಂದಿದ್ದು ಮತ್ತೆ ಯಾಕೆ ಅಂದ್ಕೊಂಡ್ರಿ?"

ಅಣ್ಣ ತನ್ನ ಎಡಗಾಲನ್ನು ನೋಡಿಕೊಂಡ. ಅದು ಆಗಲೂ, ಸದ್ದಿಲ್ಲದೆ, ಸ್ಪಂಜಿನ ಮೇಲೆ ಏಳುತ್ತಾ ಬೀಳುತ್ತಾ ಇತ್ತು. ಮೂವರೂ ಅದನ್ನೇ ನೋಡಿದರು. ನೋಡಿದ್ದು ಗೊತ್ತಾದ ಕೂಡಲೇ ಅದು ನಾಚಿಕೊಂಡು ನಿಂತಿತು.

"ಆಗ ನಿನಗೆ ಏಳು ವರ್ಷ," ಅಂದ ಅಣ್ಣ. "ಮನೆ ಹಿಂದಿನ ಮೆಟ್ಟಿಲ ಮೇಲೆ ನೀನು ಡಬ್ಬ ಕವುಚಿ ಬಾರಿಸ್ತಿದ್ದೆ. ಸಿಕ್ಕಾಪಟ್ಟೆ ಓಡ್ತಿದ್ದೆ. ನಿಲ್ಲೋ ಅಂದ್ರೆ ಅಳ್ತಿದ್ದೆ. ಆಗ ಅಮ್ಮ ಹೇಳಿದ್ಲು, ಬಾಯಲ್ಲಿ ಹೇಳಬೇಡ, ಪಕ್ಕದಲ್ಲಿ ಕೂತು ಕಾಲಲ್ಲಿ ಹೇಳು ಅಂತ. ಅದೊಂದು ನೆನಪಿದೆ. ನಿಲ್ಲಿಸಿದ್ದು ಯಾವಾಗ ಅಂತ ನೆನಪಿಲ್ಲ."

"ನಿಲ್ಲಿಸಿಲ್ಲವಲ್ಲ," ಅಂದ ಗಡಿಯಾರ. ಅವನ ದನಿ ಒಡೆಯಿತು. ಅಣ್ಣ ಬನಿಯನ್ ತುಂಡನ್ನು ಅವನ ಕೈಗೆ ಕೊಟ್ಟ. ಅದರಲ್ಲಿ ತಂತಿಗೆ ಹಾಕುವ ಎಣ್ಣೆ ಮೆತ್ತಿತ್ತು. ಗಡಿಯಾರ ಅದರಲ್ಲೇ ಮುಖ ಒರೆಸಿಕೊಂಡ.

"ಹಳೇ ಬೂಟು ಎಲ್ಲಿ ಅತ್ತಿಗೆ?"

ಅತ್ತಿಗೆ ಸುಲಭಕ್ಕೆ ಒಪ್ಪುವವಳಲ್ಲ. ಇನ್ನೂ ಆರು ತಿಂಗಳು ಗಟ್ಟಿಯದು ಹಾಕಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದಳು. ನಿಮ್ಮ ಹಾಡಿಗೆ ನನ್ನ ಗಂಡನ ಕಾಲು ಬಲಿ ಕೊಡಬೇಕಾ ಎಂದಳು. ಗಡಿಯಾರ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಅವಳ ಮಾತು ಸರಿಯಾಗಿಯೇ ಇತ್ತು. ಅಣ್ಣ ಮಾತ್ರ ಬಾಸನ್ನು ಪೆಟ್ಟಿಗೆಯಲ್ಲಿಡದೆ ಎದೆಗೆ ಒರಗಿಸಿಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಆ ನೋಟವನ್ನು ಮೂರು ಸಲ ತಪ್ಪಿಸಿದಳು. ನಾಲ್ಕನೆಯ ಸಲ ಆಗಲಿಲ್ಲ.

"ಹಾಡಿಗೆ ಎಷ್ಟು ನಿಮಿಷ?"

"ನಾಲ್ಕು."

"ನಾಲ್ಕು ನಿಮಿಷ. ಹಾಡು ಮುಗಿದ ಕೂಡಲೇ ಬಿಚ್ಚಬೇಕು. ನೀನೇ ಬಿಚ್ಚಿ ಚಪ್ಪಲಿ ಹಾಕಿಸಬೇಕು. ಇವರ ಮಾತು ನಂಬಬೇಡ, ನೋವಾದ್ರೂ ಹೇಳಲ್ಲ." ಅವಳು ಹಿತ್ತಿಲ ಬಾಗಿಲ ಕಡೆ ಹೋಗಿ, ಗಾಳಿಗೆ ಬಡಿಯದಂತೆ ಬಾಗಿಲಿಗೆ ಅಡ್ಡ ಇಟ್ಟಿದ್ದ ಒಂದು ಕರಿ ಬೂಟನ್ನು ಎತ್ತಿಕೊಂಡು ಬಂದಳು. ಬಾಗಿಲು ಹಿಂದಿನಿಂದ ಧಡಾರನೆ ಬಡಿಯಿತು. "ಒಂದೇ ಇದೆ. ಇನ್ನೊಂದು ನಾಯಿ ಎಳ್ಕೊಂಡು ಹೋಯ್ತು."

ಗಡಿಯಾರ ತಿರುಗಿಸಿ ನೋಡಿದ. ಎಡಗಾಲಿನದು. ಹಿಮ್ಮಡಿಯ ಹೊರ ಅಂಚು ಓರೆಯಾಗಿ ಸವೆದಿತ್ತು.

"ಒಂದೇ ಸಾಕು," ಅಂದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನು ದೊರೆಗೆ ಎಲ್ಲವನ್ನೂ ಹೇಳಿದ. ನಿಂತುಕೊಂಡು, ಕತ್ತರಿಯ ಎದುರಿಗೇ ಹೇಳಿದ. ದೊರೆ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡ. ಅವನಿಗೆ ಮೊದಲು ಸಿಟ್ಟು ಬಂತು, ಬರಲೇಬೇಕಿತ್ತು; ಮೂರು ವಾರ, ಅಷ್ಟು ಟೇಪು, ಅಷ್ಟು ಬೇಸರ. "ಎರಡು ವಾರದಿಂದ ಗೊತ್ತಿತ್ತಾ ನಿನಗೆ? ಅವನನ್ನ ತೆಗೀತೀನಿ ಅಂದಾಗ್ಲೂ ಹೂಂ ಅಂದೆಯಲ್ಲೋ!"

"ಅಂದೆ."

"ಥೂ ನಿನ್ನ." ದೊರೆ ಕಿಟಕಿಯವರೆಗೆ ಹೋಗಿ ಬಂದ. ಅಣ್ಣನನ್ನು ನೋಡಿದ, ಒಂದು ಕಾಲಿಗೆ ಕರಿ ಬೂಟು, ಇನ್ನೊಂದಕ್ಕೆ ನೀಲಿ ಚಪ್ಪಲಿ ಹಾಕಿಕೊಂಡು, ಐವತ್ತೇಳು ವರ್ಷದ ಆ ಮನುಷ್ಯ ತಪ್ಪು ಮಾಡಿದವನ ಹಾಗೆ ನಿಂತಿದ್ದ. ದೊರೆಯ ಸಿಟ್ಟು ಅಲ್ಲೇ ಇಳಿಯಿತು. "ಹಾಗಾದ್ರೆ ಇನ್ನು ಮೇಲೆ ಇವನನ್ನ ಏನಂತ ಕರೆಯೋದು?"

"ಮುಳ್ಳು ಅನ್ನಿ," ಅಂದಳು ಕತ್ತರಿ ಯಂತ್ರದ ಹಿಂದಿನಿಂದ. "ನಿಜವಾದ ಗಡಿಯಾರ ಅಲ್ಲಿದೆ," ಎಂದು ಅಣ್ಣನ ಕಡೆ ಕೈ ತೋರಿಸಿದಳು.

ನಗು ಬಂದದ್ದು ಎಲ್ಲರಿಗೂ ಒಳ್ಳೆಯದಾಯಿತು. ದೊರೆ ಅಣ್ಣನ ಹತ್ತಿರ ಹೋಗಿ, ಅವನ ಬಾಸಿನ ಪಟ್ಟಿ ಭುಜದ ಮೇಲೆ ಸರಿಯಾಗೇ ಇದ್ದರೂ ಇನ್ನೊಮ್ಮೆ ಸರಿ ಮಾಡಿದ. ಕತ್ತರಿ ಒಂದು ಮೈಕನ್ನು ಕೈಯಲ್ಲಿ ಹಿಡಿದು ಬಂದು, ಮಂಡಿಯೂರಿ, ಅಣ್ಣನ ಎಡಗಾಲಿನ ಪಕ್ಕದಲ್ಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ ನಿಲ್ಲಿಸಿದಳು.

ಕೆಂಪು ಬಲ್ಬು ಹತ್ತಿತು. ಕೆಳಗೆ ಗರಗಸ ನಿಂತಿತು. ಟೇಪಿನ ಎರಡು ಚಕ್ರಗಳು ತಿರುಗತೊಡಗಿದವು.

ಧಡ್.

ಗಡಿಯಾರನಿಗೆ ಅದು ಬೆನ್ನ ಬುಡದಿಂದ ಹತ್ತಿ ಬಂತು. ಅವನು ಕಣ್ಣು ಮುಚ್ಚಿಕೊಂಡ. ಕೈಗೆ ಏನು ಮಾಡಬೇಕೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಮೊದಲ ಚರಣ ಹೋಯಿತು, ಎರಡನೆಯ ಚರಣದ ನಡು ಹೋಯಿತು. ದಿನಾ ಹಾಡು ಓಡುತ್ತಿದ್ದ ಜಾಗ ಬಂತು, ಬಂದದ್ದು ಗೊತ್ತಾಗದ ಹಾಗೆ ಹಿಂದೆ ಹೋಯಿತು. ದೊರೆಯ ದನಿ ಮೇಲಿನ ಸ್ವರದಲ್ಲಿ ಒಂದು ಕಡೆ ಬಿರುಕು ಬಿಟ್ಟಿತು, ಅವನು ನಿಲ್ಲಿಸಲಿಲ್ಲ. ಮೂರನೆಯ ಚರಣದಲ್ಲಿ ಕೆಳಗಿನಿಂದ ಸುತ್ತಿಗೆಯ ಸದ್ದು, ಟಕ್, ಟಕ್, ಅಣ್ಣನ ಹಿಮ್ಮಡಿಯ ಜೊತೆಗೇ ಬೀಳತೊಡಗಿತು. ಮೇಸ್ತ್ರಿಗೆ ಬಲ್ಬು ಮರೆತುಹೋಗಿತ್ತು. ಕತ್ತರಿ ಗಾಬರಿಯಾಗಿ ದೊರೆಯ ಕಡೆ ನೋಡಿದಳು. ದೊರೆ ಹಾಡುತ್ತಲೇ ಬೇಡವೆಂದು ತಲೆಯಾಡಿಸಿದ.

ಕೊನೆಯ ಏಟಿನ ಮೇಲೆ ಕಂಚಿನ ತಟ್ಟೆ ಬಹಳ ಹೊತ್ತು ಗುಂಯ್‌ಗುಟ್ಟಿತು. ಅದು ಪೂರ್ತಿ ಅಡಗುವವರೆಗೆ ಯಾರೂ ಅಲ್ಲಾಡುವಂತಿರಲಿಲ್ಲ. ಗಡಿಯಾರ ಕಣ್ಣು ತೆರೆದು ನೋಡಿದಾಗ ಅಣ್ಣ ಕೆಳತುಟಿ ಕಚ್ಚಿಕೊಂಡಿದ್ದ. ಹಣೆಯ ಮೇಲೆ ಬೆವರು. ಎಡಗಾಲಿನ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆ ನಿಂತಿತ್ತು.

ಗಡಿಯಾರ ಕೋಲುಗಳನ್ನು ಸದ್ದಾಗದಂತೆ ಕೆಳಗಿಟ್ಟ. ಡ್ರಮ್ಸಿನ ಹಿಂದಿನಿಂದ ಎದ್ದು ಬಂದು ಅಣ್ಣನ ಕಾಲ ಬಳಿ ಕೂತು, ಬೂಟಿನ ದಾರದ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಉಗುರಿನಿಂದ ಸಡಿಲಿಸಬೇಕಾಯಿತು.

"ಏಳೋ," ಅಂದ ಅಣ್ಣ ಪಿಸುದನಿಯಲ್ಲಿ. "ಎಲ್ಲಾ ನೋಡ್ತಿದಾರೆ."

"ನೋಡ್ಲಿ ಬಿಡು. ಕಾಲು ಕೊಡು."

ಕತ್ತರಿಯ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ದಾರ ಜಾರುವ ಸದ್ದು, ಬೂಟು ಕಳಚಿದ ಸದ್ದು, ಅಣ್ಣ ಉಸಿರು ಬಿಟ್ಟದ್ದು, ಆಮೇಲೆ ನೀಲಿ ಚಪ್ಪಲಿ ಹಲಗೆಯ ಮೇಲೆ ಮೆತ್ತಗೆ ಊರಿದ್ದು, ಎಲ್ಲವೂ ಆ ಕೆಳಗಿನ ಮೈಕಿಗೆ ಬಂದವು. ಅವಳು ಗುಂಡಿ ಒತ್ತಲಿಲ್ಲ. ಚಕ್ರಗಳು ತಿರುಗುತ್ತಲೇ ಇದ್ದವು.